ವಾಹನ ಪ್ರಶ್ನೋತ್ತರ: ನಾಲಾಗಳನ್ನು ದಾಟಿ ಕಾಜಾಕ್ಕೆ

ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ ಗ್ರಾಂಫೂವಿನಿಂದ ಹೊರಟು ಬಾತಲ್, ಕುಂಜುಮ್ ಪಾಸ್, ಲೋಸರ್ ಮೂಲಕ ಕಾಜಾ ಸೇರುವ ರಸ್ತೆಯ ಬಗ್ಗೆ ಈ ಸಲ ಬಂದಿರುವಷ್ಟು ಪತ್ರಗಳು ಬೇರೆ ಯಾವ ವಿಷಯಕ್ಕೂ ಬಂದಿಲ್ಲ. ಹೆಸರಿಗೆ ಇದು ರಾಷ್ಟ್ರೀಯ ಹೆದ್ದಾರಿ 505. ಆದರೆ ಗ್ರಾಂಫೂವಿನಿಂದ ಬಾತಲ್‌ವರೆಗಿನ ಸುಮಾರು 50 ಕಿ.ಮೀ. ದಾರಿಯಲ್ಲಿ ಕಲ್ಲು, ಮಣ್ಣು ಮತ್ತು ರಸ್ತೆಯ ಮೇಲೆಯೇ ಹರಿಯುವ ಹಿಮನೀರಿನ ತೊರೆಗಳದ್ದೇ ಕಾರುಬಾರು. ಈ ತೊರೆಗಳನ್ನು ಅಲ್ಲಿಯವರು ನಾಲಾ ಎನ್ನುತ್ತಾರೆ. ನುರಿತವರಿಗೆ ಇದು ಮಧ್ಯಮ ದರ್ಜೆಯ ಆಫ್‌ರೋಡ್ ಹಾದಿ, ಹೊಸಬರಿಗೆ ಅಷ್ಟು ಸುಲಭವಲ್ಲ. ಪತ್ರಗಳನ್ನು ಸಂಕ್ಷೇಪಿಸಿ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಜುಲೈ ತಿಂಗಳಲ್ಲಿ ನಾನು, ನನ್ನ ಪತ್ನಿ ಮತ್ತು ಮಗ ನಮ್ಮ ಫೋರ್ ವೀಲ್ ಡ್ರೈವ್ ಥಾರ್‌ನಲ್ಲಿ ಸ್ಪಿತಿಗೆ ಹೋಗಬೇಕೆಂದಿದ್ದೇವೆ. ಮನಾಲಿಯಲ್ಲಿ ತಿಂಡಿ ಮುಗಿಸಿ ಹೊರಟು ಅದೇ ದಿನ ಸಂಜೆ ಕಾಜಾ ತಲುಪುವ ಯೋಚನೆ ಇದೆ. ನಾಲಾಗಳನ್ನು ಯಾವ ಗೇರ್‌ನಲ್ಲಿ, ಎಷ್ಟು ವೇಗದಲ್ಲಿ ದಾಟಬೇಕು ಎಂಬುದನ್ನು ತಿಳಿಸಿ. — ಓದುಗರೊಬ್ಬರು, ಬೆಂಗಳೂರು

ಉತ್ತರ: ಗೇರ್ ಮತ್ತು ವೇಗಕ್ಕಿಂತ ಮೊದಲು ನೀವು ಹೊರಡುವ ಹೊತ್ತನ್ನು ಸರಿಪಡಿಸಿಕೊಳ್ಳಬೇಕು. ಈ ದಾರಿಯಲ್ಲಿ ಒಂದು ನಾಲಾ ಎಷ್ಟು ಕಷ್ಟದ್ದು ಎಂಬುದು ನಿಮ್ಮ ಗಾಡಿಯನ್ನು ಅವಲಂಬಿಸಿರುವುದಕ್ಕಿಂತ ಹೆಚ್ಚಾಗಿ ನೀವು ಅದರ ಬಳಿಗೆ ಎಷ್ಟು ಗಂಟೆಗೆ ಬಂದಿರಿ ಎಂಬುದನ್ನು ಅವಲಂಬಿಸಿದೆ. ನಾಲಾಗಳಿಗೆ ನೀರು ಬರುವುದು ಮೇಲಿನ ಹಿಮ ಮತ್ತು ಹಿಮನದಿಗಳಿಂದ. ರಾತ್ರಿಯ ಚಳಿಗೆ ಕರಗುವಿಕೆ ತಗ್ಗಿ, ಬೆಳಗಿನ ಜಾವದಲ್ಲಿ ನೀರು ಅತ್ಯಂತ ಕಡಿಮೆಯಿರುತ್ತದೆ. ಬಿಸಿಲೇರಿದಂತೆ ಹಿಮ ಕರಗಿ, ಆ ನೀರು ಕೆಳಗಿಳಿದು ರಸ್ತೆ ತಲುಪಲು ಕೆಲವು ಗಂಟೆಗಳು ಹಿಡಿಯುವುದರಿಂದ, ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಹರಿವು ಅತಿ ಹೆಚ್ಚಾಗುತ್ತದೆ. ಬೆಳಿಗ್ಗೆ ಏಳಕ್ಕೆ ಕಣಕಾಲು ಮುಳುಗುವಷ್ಟಿದ್ದ ನಾಲಾ ಅದೇ ದಿನ ನಾಲ್ಕು ಗಂಟೆಗೆ ಮೊಣಕಾಲು ದಾಟಿರುವುದು ಅಲ್ಲಿ ಸುದ್ದಿಯೇ ಅಲ್ಲ. ಮನಾಲಿಯಲ್ಲಿ ತಿಂಡಿ ಮುಗಿಸಿ ಹೊರಟರೆ, ದಾರಿಯ ಕೆಲಸ ಮತ್ತು ಎದುರು ಬರುವ ಲಾರಿಗಳಿಂದಾಗುವ ತಡ ಸೇರಿ, ಬಾತಲ್‌ಗಿಂತ ಮುಂಚಿನ ನಾಲಾಗಳನ್ನು ನೀವು ಕೆಟ್ಟ ಹೊತ್ತಿನಲ್ಲೇ ಎದುರಿಸುತ್ತೀರಿ.

ಆದ್ದರಿಂದ ಹಿಂದಿನ ರಾತ್ರಿಯೇ ಅಟಲ್ ಸುರಂಗ ದಾಟಿ ಸಿಸ್ಸು ಅಥವಾ ಕೋಕ್ಸರ್ ಬಳಿ ತಂಗುವುದು ಒಳ್ಳೆಯದು. 9.02 ಕಿ.ಮೀ. ಉದ್ದದ ಈ ಸುರಂಗ 2020ರ ಅಕ್ಟೋಬರ್‌ನಲ್ಲಿ ಸಂಚಾರಕ್ಕೆ ತೆರೆದ ಮೇಲೆ, 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಹತ್ತಿ ಇಳಿಯಬೇಕಾದ ಅಗತ್ಯ ಉಳಿದಿಲ್ಲ. ಸುರಂಗದ ಉತ್ತರದ ಬಾಯಿಯಿಂದ ಕೋಕ್ಸರ್ ಹಾದು ಗ್ರಾಂಫೂ ಸೇರಬಹುದು. ಬೆಳಕು ಹರಿಯುವ ಹೊತ್ತಿಗೆ ಗ್ರಾಂಫೂ ಬಿಟ್ಟರೆ, ಛತ್ರು ಮತ್ತು ಛೋಟಾ ದಾರಾ ಭಾಗದ ನಾಲಾಗಳು ಇನ್ನೂ ತಗ್ಗಿರುವಾಗಲೇ ಅವುಗಳನ್ನು ದಾಟಿ ಮುಗಿಸಬಹುದು. ಮಳೆ ಬಿದ್ದ ದಿನ ಈ ಗಡಿಯಾರ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ. ಮೇಲೆ ರಾತ್ರಿಯಿಡೀ ಮಳೆ ಸುರಿದಿದ್ದರೆ ಮುಂಜಾನೆಯ ನಾಲಾ ಕೂಡ ತುಂಬಿಯೇ ಇರುತ್ತದೆ.

ನಾಲಾ ಎದುರಾದಾಗ ಇಂಜಿನ್ ಆರಿಸಿ ಕೆಳಗಿಳಿಯಿರಿ. ಇದೊಂದು ಅಭ್ಯಾಸವಿದ್ದರೆ ಉಳಿದದ್ದೆಲ್ಲ ಅರ್ಧ ಹಗುರ. ಹಿಮನದಿಯ ನೀರಿನಲ್ಲಿ ನುಣುಪಾದ ಕಲ್ಲಿನ ಹುಡಿ ಬೆರೆತಿರುವುದರಿಂದ ಅದು ಬೂದುಬಣ್ಣವಾಗಿರುತ್ತದೆ, ತಳ ಕಾಣುವುದಿಲ್ಲ. ಹಾಗಾಗಿ ಮೇಲ್ಮೈಯನ್ನು ಓದಬೇಕಾಗುತ್ತದೆ. ಅಗಲವಾಗಿ ಹರಡಿ ಸಣ್ಣ ಅಲೆಗಳೊಂದಿಗೆ ಸದ್ದು ಮಾಡುತ್ತ ಹರಿಯುವ ಕಡೆ ಸಾಮಾನ್ಯವಾಗಿ ಆಳ ಕಡಿಮೆ. ಕಿರಿದಾಗಿ, ನಯವಾಗಿ, ಮೌನವಾಗಿ ಜಾರುವ ಕಡೆ ಆಳ ಹೆಚ್ಚು. ನೀರಿನ ಮೇಲೆ ಮೂಡುವ ಬಾಣದ ಆಕಾರದ ಅಲೆಯ ಮೊನೆ ಹರಿವಿನ ಮೇಲ್ದಿಕ್ಕಿಗೆ ಇದ್ದರೆ ಅಲ್ಲಿ ಬಂಡೆ ಇದೆ ಎಂದೂ, ಕೆಳದಿಕ್ಕಿಗೆ ಇದ್ದರೆ ಎರಡು ಬಂಡೆಗಳ ನಡುವೆ ನೀರು ನುಗ್ಗುತ್ತಿದೆ ಎಂದೂ ತಿಳಿಯಬಹುದು. ಕಿವಿಗೂ ಕೆಲಸವಿದೆ: ನೀರಿನೊಳಗೆ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ದಡಬಡ ಸದ್ದು ಕೇಳಿಸಿದರೆ ತಳವೇ ಚಲಿಸುತ್ತಿದೆ ಎಂದರ್ಥ, ಆಗ ಯಾವ ಗಾಡಿಯನ್ನೂ ಇಳಿಸಬಾರದು.

ಅನಂತರ ಕಾಲಿಗೆ ಬಿಗಿಯಾದ ಬೂಟು ತೊಟ್ಟು, ಕೋಲು ಹಿಡಿದು, ಹರಿವಿಗೆ ಮುಖ ಮಾಡಿ, ಚಕ್ರಗಳು ಹಾಯುವ ಎರಡು ಸಾಲುಗಳಲ್ಲೂ ನಡೆದು ನೋಡಿ. ಬರಿಗಾಲಲ್ಲಿ ಇಳಿಯಬೇಡಿ, ಆ ನೀರಿನಲ್ಲಿ ಒಂದೆರಡು ನಿಮಿಷದಲ್ಲೇ ಪಾದ ಮರಗಟ್ಟಿ ಕಲ್ಲಿನ ಅಂಚು ತಾಗಿದ್ದೂ ಗೊತ್ತಾಗುವುದಿಲ್ಲ. ನೀವು ನಿಲ್ಲಲಾರದಷ್ಟು ಸೆಳೆತವಿದ್ದರೆ ಗಾಡಿಯನ್ನೂ ಇಳಿಸಬೇಡಿ, ಕಾಯಿರಿ. ಹಿಮಾಚಲ ಸಾರಿಗೆಯ ಬಸ್ಸೋ ಲಾರಿಯೋ ಮುಂದೆ ದಾಟುತ್ತಿದ್ದರೆ ಅದನ್ನು ಗಮನಿಸಿ. ಅಂಥ ಚಕ್ರದ ಎತ್ತರ ಸುಮಾರು ಒಂದು ಮೀಟರ್. ನೀರು ಚಕ್ರದ ನಡುಭಾಗ ಮುಟ್ಟಿತೆಂದರೆ ಅಲ್ಲಿ ಅರ್ಧ ಮೀಟರ್ ಆಳವಿದೆ. ಬಸ್ಸು ದಾಟಿತೆಂಬುದು ನಿಮಗೆ ಅಳತೆಗೋಲು ಮಾತ್ರ, ಪರವಾನಗಿಯಲ್ಲ. ಅದರ ತೂಕ ನಿಮ್ಮ ಗಾಡಿಯದರ ಹಲವು ಪಟ್ಟು.

ಈಗ ನಿಮ್ಮ ಮೂಲ ಪ್ರಶ್ನೆ. ದಡದಲ್ಲೇ ಫೋರ್ ವೀಲ್ ಲೋ ರೇಂಜ್ (ಕಡಿಮೆ ವೇಗದಲ್ಲಿ ಚಕ್ರಗಳಿಗೆ ಹೆಚ್ಚು ಬಲ ಕೊಡುವ ಗೇರ್ ಜೋಡಣೆ) ಹಾಕಿಕೊಂಡು, ಮೊದಲ ಅಥವಾ ಎರಡನೇ ಗೇರ್‌ನಲ್ಲಿ, ಚುರುಕಾಗಿ ನಡೆಯುವ ಮನುಷ್ಯನ ವೇಗದಲ್ಲಿ ನೀರಿಗಿಳಿಯಿರಿ. ಗಾಡಿಯ ಮುಂದೆ ಒಂದು ಸಣ್ಣ ಅಲೆ ಮೂಡಿ ಅದು ನಿಮ್ಮೊಡನೆಯೇ ಸಾಗಬೇಕು. ಆ ಅಲೆಯ ಹಿಂದೆ ಇಂಜಿನ್‌ನ ಬಳಿ ನೀರಿನ ಮಟ್ಟ ತುಸು ತಗ್ಗಿರುತ್ತದೆ. ವೇಗ ಹೆಚ್ಚಾದರೆ ಆ ಅಲೆಯೇ ಬಾನೆಟ್ ಮೇಲೇರಿ ಗಾಳಿ ಎಳೆಯುವ ನಳಿಕೆಗೆ ನುಗ್ಗುತ್ತದೆ. ನಡುನೀರಿನಲ್ಲಿ ಗೇರ್ ಬದಲಿಸಬೇಡಿ, ಕ್ಲಚ್ ಮೇಲೆ ಕಾಲಿಡಬೇಡಿ, ಆಕ್ಸಿಲರೇಟರ್ ಒಂದೇ ಹದದಲ್ಲಿರಲಿ. ಗಾಜುಗಳು ಕೆಳಗಿರಲಿ, ಬಾಗಿಲುಗಳ ಲಾಕ್ ತೆಗೆದಿರಲಿ. ಹೊಳೆಯನ್ನು ಹರಿವಿನ ಜೊತೆಗೆ ಓರೆಯಾಗಿ ದಾಟಬೇಕು ಎಂಬ ಸಲಹೆಯನ್ನು ನೀವು ಓದಿರಬಹುದು. ಅದು ಬಯಲಿನಲ್ಲಿ ಹರಡಿಕೊಂಡ ಅಗಲ ಹೊಳೆಗಳಿಗೆ ಸರಿ. ಇಲ್ಲಿ ನಾಲಾ ರಸ್ತೆಯನ್ನು ದಾಟಿದ ಕೂಡಲೇ ಚಂದ್ರಾ ನದಿಯ ಕಡೆಗೆ ಧುಮುಕುವುದರಿಂದ, ರಸ್ತೆಯ ಕೆಳ ಅಂಚು ನೀರಿನಡಿಯಲ್ಲಿ ಕೊರೆದುಹೋಗಿರುವ ಸಂಭವ ಹೆಚ್ಚು. ಸಾಧ್ಯವಾದಷ್ಟು ಬೆಟ್ಟದ ಬದಿಗೇ ಇರಿ. ನೋಟ ನೀರಿನ ಮೇಲಲ್ಲ, ಎದುರು ದಡದಲ್ಲಿ ನೀವು ಹತ್ತಬೇಕಾದ ಜಾಗದ ಮೇಲೆ ಇರಬೇಕು. ಹರಿಯುವ ನೀರನ್ನೇ ನೋಡುತ್ತಿದ್ದರೆ ಗಾಡಿಯೇ ಪಕ್ಕಕ್ಕೆ ಸರಿದಂತೆ ಭ್ರಮೆಯಾಗಿ ಕೈ ತಾನಾಗಿ ಸ್ಟೀರಿಂಗ್ ತಿರುಗಿಸುತ್ತದೆ.

ದಡ ಹತ್ತಿದ ಮೇಲೆ ಬ್ರೇಕನ್ನು ಹಗುರವಾಗಿ ನಾಲ್ಕಾರು ಸಲ ಒತ್ತಿ ಒಣಗಿಸಿಕೊಂಡು ಮುಂದುವರಿಯಿರಿ. ಇನ್ನು ಪೆಟ್ರೋಲ್ ಅಥವಾ ಡೀಸೆಲ್ ಅನ್ನು ಮನಾಲಿಯಲ್ಲೇ ಪೂರ್ತಿ ತುಂಬಿಸಿ. ಈ ದಾರಿಯಲ್ಲಿ ಮುಂದಿನ ಬಂಕ್ ಇರುವುದು ಕಾಜಾದಲ್ಲಿ.

ಪ್ರಶ್ನೆ: ನಾವು ಶಿಮ್ಲಾ, ಕಿನ್ನೌರ್ ಕಡೆಯಿಂದ ಕಾಜಾಕ್ಕೆ ಹೋಗಿ, ಮನಾಲಿಯ ಮೂಲಕ ಹಿಂತಿರುಗುವವರು. ಇದರಿಂದ ನಾಲಾಗಳ ವಿಷಯದಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಆರೋಗ್ಯದ ದೃಷ್ಟಿಯಿಂದ ನಿಮ್ಮ ಆಯ್ಕೆಯೇ ಮೇಲು. ಕಿನ್ನೌರ್ ಕಡೆಯಿಂದ ಎತ್ತರ ನಿಧಾನವಾಗಿ ಏರುತ್ತದೆ. ಸುಮಾರು 2,050 ಮೀಟರ್ ಎತ್ತರದ ಮನಾಲಿಯಿಂದ ಹೊರಟು ಅದೇ ರಾತ್ರಿ ಸುಮಾರು 4,300 ಮೀಟರ್ ಎತ್ತರದ ಚಂದ್ರತಾಲ್ ಸರೋವರದ ಬಳಿ ಮಲಗುವವರಲ್ಲಿ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಸಾಮಾನ್ಯ, ಮತ್ತು ಅಂಥ ಸ್ಥಿತಿಯಲ್ಲಿ ಮರುದಿನ ಸ್ಟೀರಿಂಗ್ ಹಿಡಿಯುವುದು ಅಪಾಯಕರ.

ಆದರೆ ನಾಲಾಗಳ ಮಟ್ಟಿಗೆ ಈ ದಿಕ್ಕಿನಲ್ಲಿ ಒಂದು ತೊಡಕಿದೆ. ಬೆಳಿಗ್ಗೆ ಕಾಜಾ ಬಿಟ್ಟು ಲೋಸರ್‌ನಲ್ಲಿ ಚಹಾ ಕುಡಿದು, ಸುಮಾರು 4,550 ಮೀಟರ್ ಎತ್ತರದ ಕುಂಜುಮ್‌ನಲ್ಲಿ ದೇವಿಯ ಗುಡಿಗೆ ಸುತ್ತು ಹಾಕಿ, ಬಾತಲ್‌ನ ಢಾಬಾದಲ್ಲಿ ಊಟ ಮಾಡಿ ಹೊರಟರೆ, ಬಾತಲ್ ಮತ್ತು ಗ್ರಾಂಫೂ ನಡುವಿನ ನಾಲಾಗಳು ಸರಿಯಾಗಿ ಉಕ್ಕುವ ಹೊತ್ತಿಗೆ ನೀವು ಅವುಗಳ ಎದುರು ನಿಂತಿರುತ್ತೀರಿ. ಆದ್ದರಿಂದ ಆ ರಾತ್ರಿ ಬಾತಲ್‌ನಲ್ಲೋ ಚಂದ್ರತಾಲ್‌ನ ಡೇರೆಗಳಲ್ಲೋ ಉಳಿದು, ಮರುದಿನ ಸೂರ್ಯ ಏಳುವ ಹೊತ್ತಿಗೆ ಹೊರಡಿ. ಬಾತಲ್‌ನಿಂದ ಚಂದ್ರತಾಲ್‌ಗೆ ಸುಮಾರು 14 ಕಿ.ಮೀ. ಕಿರಿದಾದ ಕವಲುದಾರಿ, ಅದರಲ್ಲೂ ನೀರು ಹರಿಯುವ ಜಾಗಗಳಿವೆ. ಈ ಸರೋವರ 2005ರಿಂದ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿರುವ ಜೌಗುಪ್ರದೇಶವಾದ್ದರಿಂದ ಡೇರೆಗಳಿಗೆ ಅದರ ದಂಡೆಯಲ್ಲಿ ಅವಕಾಶವಿಲ್ಲ. ಅವು ಕೆಲವು ಕಿ.ಮೀ. ಹಿಂದೆಯೇ ಇವೆ.

ಒಂದೆರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. 2023ರ ಜುಲೈನಲ್ಲಿ, ಅಂದರೆ ನಡು ಬೇಸಿಗೆಯಲ್ಲೇ, ಹಿಮ ಬಿದ್ದು ರಸ್ತೆ ಮುಚ್ಚಿ ಚಂದ್ರತಾಲ್ ಬಳಿ ಸುಮಾರು ಮುನ್ನೂರು ಜನ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ದೆಹಲಿಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಇದೆ ಎಂಬ ಕಾರಣಕ್ಕೆ ತುಂಬಿದ ನಾಲಾಕ್ಕೆ ಗಾಡಿ ಇಳಿಸುವವರ ಸಂಖ್ಯೆ ನಾವು ಊಹಿಸುವುದಕ್ಕಿಂತ ಹೆಚ್ಚಿದೆ.

ಪ್ರಶ್ನೆ: ನನ್ನದು ಮುಂಚಕ್ರ ಚಾಲನೆಯ ಸಣ್ಣ ಎಸ್‌ಯುವಿ, ಗ್ರೌಂಡ್ ಕ್ಲಿಯರೆನ್ಸ್ 200 ಮಿ.ಮೀ. ಅಲ್ಲಿನ ಟ್ಯಾಕ್ಸಿಯವರು ಸಣ್ಣ ಕಾರುಗಳಲ್ಲೇ ಓಡಾಡುತ್ತಾರೆ ಎನ್ನುತ್ತಾರೆ. ಹಾಗಾದರೆ ನಾನೂ ಹೋಗಬಹುದಲ್ಲವೇ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೋಗಬಹುದು, ಆದರೆ ಷರತ್ತುಗಳ ಮೇಲೆ. ಸಣ್ಣ ಕಾರುಗಳು ಹೋಗುತ್ತವೆ ಎಂಬುದು ನಿಜ. ಆ ಚಾಲಕರಿಗೆ ಯಾವ ನಾಲಾ ಎಷ್ಟು ಗಂಟೆಗೆ ಏರುತ್ತದೆ, ಕಳೆದ ವಾರ ಜೆಸಿಬಿ ಎಲ್ಲಿ ಕಲ್ಲು ಸರಿಸಿತು, ಯಾವ ಕಡೆ ಚಕ್ರ ಇಟ್ಟರೆ ತಳ ತಾಗುವುದಿಲ್ಲ ಎಂಬುದೆಲ್ಲ ಗೊತ್ತಿರುತ್ತದೆ. ಗ್ರೌಂಡ್ ಕ್ಲಿಯರೆನ್ಸ್‌ಗಿಂತ ಈ ತಿಳಿವಳಿಕೆ ದೊಡ್ಡದು, ಮತ್ತು ಅದನ್ನು ಶೋರೂಮಿನಲ್ಲಿ ಮಾರುವುದಿಲ್ಲ.

ನಿಮ್ಮ ಗಾಡಿಯ ನಿಜವಾದ ಕೊರತೆ ಎತ್ತರವಲ್ಲ, ಲೋ ರೇಂಜ್ ಇಲ್ಲದಿರುವುದು. ನಾಲಾದ ತಳದಲ್ಲಿ ಫುಟ್‌ಬಾಲ್ ಗಾತ್ರದ ಉರುಟು ಕಲ್ಲುಗಳಿರುತ್ತವೆ. ಅವುಗಳ ಮೇಲೆ ನಿಧಾನವಾಗಿ ಹತ್ತಿಳಿಯಲು ಚಕ್ರಕ್ಕೆ ಕಡಿಮೆ ವೇಗದಲ್ಲಿ ಹೆಚ್ಚು ಬಲ ಬೇಕು. ಅದು ಸಿಗದಾಗ ಚಾಲಕ ಹಾಫ್ ಕ್ಲಚ್‌ನಲ್ಲಿ ಎಳೆಸುತ್ತಾನೆ, ಇಲ್ಲವೇ ಓಟದ ರಭಸದಲ್ಲಿ ದಾಟಿಸಲು ಹೋಗುತ್ತಾನೆ. ಮೊದಲನೆಯದರಿಂದ ಕ್ಲಚ್ ಸುಡುತ್ತದೆ, ಎರಡನೆಯದರಿಂದ ಇಂಜಿನ್‌ನ ಅಡಿಯಲ್ಲಿರುವ ಆಯಿಲ್ ತೊಟ್ಟಿ (ಸಂಪ್) ಒಡೆಯುತ್ತದೆ. ಮೇಲಾಗಿ ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ, ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಕುಂಜುಮ್ ಬಳಿ ಹುಬ್ಬಳ್ಳಿಯ ನಿಮ್ಮ ಗಾಡಿಯ ಮೂರನೇ ಎರಡರಷ್ಟು ಬಲವೂ ಕೈಯಲ್ಲಿರುವುದಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಹೋಗಿ. ಆಗ ಕರಗುವಿಕೆ ತಗ್ಗಿ ನಾಲಾಗಳು ಸೌಮ್ಯವಾಗಿರುತ್ತವೆ. ಒಂಟಿಯಾಗಿ ಹೋಗದೆ ಇನ್ನೊಂದು ಗಾಡಿಯ ಜೊತೆ ಸಾಗಿ, ಸಾಮಾನು ಕಡಿಮೆ ಮಾಡಿ, ನಾಲಾ ಬಂದಾಗ ಚಾಲಕನನ್ನು ಬಿಟ್ಟು ಉಳಿದವರು ಸುರಕ್ಷಿತವಾಗಿ ನಡೆದು ದಾಟಲು ಜಾಗವಿದ್ದರೆ ಇಳಿಯಿರಿ. ಗಾಡಿ ಎರಡು ಬೆರಳಿನಷ್ಟು ಮೇಲೇಳುತ್ತದೆ. ನೀರು ಚಕ್ರದ ಅರ್ಧಕ್ಕಿಂತ ಮೇಲಿದ್ದರೆ ದಾಟಬೇಡಿ.

ಪ್ರಶ್ನೆ: ಥಾರ್‌ನ ನೀರು ಹಾಯುವ ಸಾಮರ್ಥ್ಯ 650 ಮಿ.ಮೀ., ಗೂರ್ಖಾದ್ದು 700 ಮಿ.ಮೀ. ಎಂದು ಕಂಪನಿಗಳು ಹೇಳುತ್ತವೆ. ಅಂದರೆ ಎರಡು ಅಡಿ ನೀರಿನಲ್ಲಿ ಧೈರ್ಯವಾಗಿ ಹೋಗಬಹುದೇ? ಸ್ನಾರ್ಕೆಲ್ ಹಾಕಿಸಿದರೆ ಇನ್ನೂ ಆಳಕ್ಕೆ ಹೋಗಬಹುದೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಅಂಕಿಗಳು ಸುಳ್ಳಲ್ಲ. ಆದರೆ ನಿಂತ ನೀರಿನಲ್ಲಿ, ಗಟ್ಟಿ ತಳದ ಮೇಲೆ, ನಿಧಾನವಾಗಿ ಸಾಗುವಾಗ ಇಂಜಿನ್ ಮತ್ತು ವಿದ್ಯುತ್ ಭಾಗಗಳಿಗೆ ನೀರು ತಾಗದ ಆಳ ಎಷ್ಟು ಎಂಬುದನ್ನು ಮಾತ್ರ ಅವು ಹೇಳುತ್ತವೆ. ಹರಿಯುವ ನೀರು ಗಾಡಿಯನ್ನು ತಳ್ಳಿಕೊಂಡು ಹೋಗುತ್ತದೆಯೇ ಎಂಬ ಪ್ರಶ್ನೆಗೂ ಆ ಅಂಕಿಗೂ ಸಂಬಂಧವಿಲ್ಲ.

ಲೆಕ್ಕ ನೋಡಿ. ಗಾಡಿಯ ತಳದ ಮಟ್ಟಕ್ಕಿಂತ ನೀರು ಮೇಲೇರಿದ ಕ್ಷಣದಿಂದ ಅದು ತೇಲಲು ಆರಂಭಿಸುತ್ತದೆ. ತಳದ ವಿಸ್ತೀರ್ಣ ಐದು ಚದರ ಮೀಟರ್ ಎಂದುಕೊಂಡರೆ, ತಳದಿಂದ ಮೇಲೆ ಪ್ರತಿ 10 ಸೆಂ.ಮೀ. ನೀರಿಗೆ ಅರ್ಧ ಘನ ಮೀಟರ್, ಅಂದರೆ 500 ಕೆ.ಜಿ.ಯಷ್ಟು ಭಾರ ಚಕ್ರಗಳ ಮೇಲಿಂದ ಕಳೆದುಹೋಗುತ್ತದೆ. ಒಳಗೆ ನೀರು ಸೋರಿ ತುಂಬುವವರೆಗೂ ಇದು ಹೀಗೆಯೇ. 1,750 ಕೆ.ಜಿ. ತೂಕದ ಗಾಡಿ 20 ಸೆಂ.ಮೀ. ಏರಿಕೆಗೆ 750 ಕೆ.ಜಿ. ಗಾಡಿಯಂತೆ ವರ್ತಿಸುತ್ತದೆ, ಚಕ್ರಗಳಿಗೆ ಹಿಡಿತವೂ ಅಷ್ಟಕ್ಕೇ ಇಳಿಯುತ್ತದೆ. ಇತ್ತ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಹಿಡಿತ ಕುಗ್ಗುವುದೂ ತಳ್ಳಾಟ ಹಿಗ್ಗುವುದೂ ಒಟ್ಟಿಗೇ ನಡೆಯುವುದರಿಂದ, ದಾಟಬಹುದಾದ ನೀರಿಗೂ ಕೊಚ್ಚಿಕೊಂಡು ಹೋಗುವ ನೀರಿಗೂ ನಡುವಿನ ಅಂತರ ಒಂದು ಗೇಣಿಗಿಂತ ಹೆಚ್ಚಿರುವುದಿಲ್ಲ. ರಭಸದ ನೀರು 30 ಸೆಂ.ಮೀ. ಇದ್ದರೆ ಸಣ್ಣ ಕಾರುಗಳು ತೇಲಬಹುದು, 60 ಸೆಂ.ಮೀ. ಇದ್ದರೆ ದೊಡ್ಡ ಎಸ್‌ಯುವಿಗಳನ್ನೂ ಒಯ್ಯಬಹುದು ಎಂದು ಪ್ರವಾಹದ ಎಚ್ಚರಿಕೆಗಳಲ್ಲಿ ಹೇಳುವುದು ಇದೇ ಕಾರಣಕ್ಕೆ. ಬೆಟ್ಟದ ನಾಲಾದಲ್ಲಿ ಕಂಪನಿ ಹೇಳಿದ ಅಂಕಿಯ ಅರ್ಧವನ್ನು ನಿಮ್ಮ ಮಿತಿ ಎಂದು ಇಟ್ಟುಕೊಳ್ಳಿ.

ಸ್ನಾರ್ಕೆಲ್ ಇಂಜಿನ್ ಉಸಿರಾಡುವ ಬಾಯಿಯನ್ನು ಮೇಲಕ್ಕೆ ಒಯ್ಯುತ್ತದೆ, ಅಷ್ಟೇ. ಅದು ಗಾಡಿಯನ್ನು ಭಾರ ಮಾಡುವುದಿಲ್ಲ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವನ್ನು ಒಣಗಿಸಿಡುವುದಿಲ್ಲ. ಗೂರ್ಖಾಕ್ಕೆ ಅದು ಕಾರ್ಖಾನೆಯಿಂದಲೇ ಬರುತ್ತದೆ. ಉಳಿದ ಗಾಡಿಗಳಿಗೆ ಹೊರಗೆ ಹಾಕಿಸುವಾಗ ಕೀಲುಗಳು ಗಾಳಿಯಾಡದಷ್ಟು ಬಿಗಿಯಾಗಿರದಿದ್ದರೆ ಅದು ಬರಿಯ ಅಲಂಕಾರ. ಏರ್ ಫಿಲ್ಟರ್ ಡಬ್ಬಿಯ ಕೆಳಗಿನ ನೀರು ಬಸಿಯುವ ರಂಧ್ರವನ್ನೂ ನೋಡಿಕೊಳ್ಳಬೇಕು. ಸ್ಪಿತಿಯ ದಾರಿಗೆ ಅದರ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸ್ನಾರ್ಕೆಲ್ ಬೇಕಾಗುವಷ್ಟು ನೀರಿದ್ದರೆ ಅಲ್ಲಿ ಮಾಡಬೇಕಾದ ಕೆಲಸ ಕಾಯುವುದು.

ಅದರ ಬದಲು ಡಿಫರೆನ್ಷಿಯಲ್‌ನ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆಯ) ಬ್ರೀದರ್‌ಗೆ, ಅಂದರೆ ಅದರ ಗಾಳಿಕಂಡಿಗೆ ಗಮನ ಕೊಡಿ. ಗಂಟೆಗಟ್ಟಲೆ ಓಡಿ ಬಿಸಿಯಾದ ಆಕ್ಸಲ್ ಥಟ್ಟನೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಮಣ್ಣು ಕಟ್ಟಿದ್ದರೆ ಅದು ಆಯಿಲ್ ಸೀಲ್‌ಗಳ ಸಂದಿನಿಂದ ನೀರನ್ನೇ ಎಳೆಯುತ್ತದೆ. ಬ್ರೀದರ್‌ಗೆ ರಬ್ಬರ್ ನಳಿಕೆ ಜೋಡಿಸಿ ಎತ್ತರಕ್ಕೆ ಒಯ್ಯುವುದು ಅಗ್ಗದ ಕೆಲಸ. ಜೊತೆಗೆ, ನೀರಿಗಿಳಿಯುವ ಮುನ್ನ ಹತ್ತು ನಿಮಿಷ ಗಾಡಿ ನಿಲ್ಲಿಸಿದರೆ ಆಕ್ಸಲ್ ತಣಿಯುತ್ತದೆ. ಆ ಹತ್ತು ನಿಮಿಷ ಹೇಗೂ ನಾಲಾ ನೋಡಲು ಬೇಕು.

ಪ್ರಶ್ನೆ: ಘಟ್ಟದ ತಪ್ಪಲಿನ ನಮ್ಮ ತೋಟಕ್ಕೆ ಮಳೆಗಾಲದಲ್ಲಿ ಹಳ್ಳ ದಾಟಿಯೇ ಜೀಪಿನಲ್ಲಿ ಹೋಗಬೇಕು. ಆ ಅನುಭವ ಇರುವವನಿಗೆ ಹಿಮಾಲಯದ ನಾಲಾ ಬೇರೆಯೇ? — ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ಕ್ಲಚ್, ಗೇರ್, ಆಕ್ಸಿಲರೇಟರ್ ವಿಷಯದಲ್ಲಿ ನಿಮಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಆದರೆ ನೀರಿನ ನಡತೆ ಬೇರೆ. ನಿಮ್ಮ ಹಳ್ಳ ಮಳೆಯ ಮಾತು ಕೇಳುತ್ತದೆ. ಘಟ್ಟದ ಮೇಲೆ ಮೋಡ ಕಪ್ಪಾದರೆ ಎರಡು ಗಂಟೆಯಲ್ಲಿ ಕೆಂಪುನೀರು ಬರುತ್ತದೆಂದು ನಿಮಗೆ ಗೊತ್ತು. ಅಲ್ಲಿ ನೀಲಿ ಆಕಾಶದ, ಸುಡುಬಿಸಿಲಿನ ದಿನವೇ ಹೆಚ್ಚು ಅಪಾಯದ ದಿನ. ಮೋಡ ಕವಿದು ಮಳೆಯಿಲ್ಲದ ದಿನ ನಾಲಾ ಮೆತ್ತಗಿರುತ್ತದೆ. ನಿಮ್ಮ ಕಣ್ಣಿನ ಅಭ್ಯಾಸಕ್ಕೆ ಇದು ತಲೆಕೆಳಗು.

ತಳವೂ ಬೇರೆ. ನಮ್ಮ ಹಳ್ಳಗಳ ಬಂಡೆಗಳು ಪಾಚಿ ಕಟ್ಟಿ ಜಾರುತ್ತವೆ, ಆದರೆ ವರ್ಷಗಟ್ಟಲೆ ಇದ್ದಲ್ಲೇ ಇರುತ್ತವೆ. ಹೋದ ವರ್ಷದ ದಾರಿ ಈ ವರ್ಷವೂ ದಾರಿಯೇ. ಲಾಹೌಲ್‌ನ ನಾಲಾಗಳಲ್ಲಿ ಪಾಚಿ ಇಲ್ಲ, ಆದರೆ ಕಲ್ಲುಗಳು ನೆಲೆ ನಿಂತಿರುವುದಿಲ್ಲ. ನಿನ್ನೆ ಗಾಡಿಗಳು ದಾಟಿದ ಸಾಲಿನಲ್ಲಿ ಇಂದು ಹೊಂಡವಿರಬಹುದು. ಚಾಲಕರು ಕೆಲವು ನಾಲಾಗಳಿಗೆ ಪಾಗಲ್ (ಹುಚ್ಚು) ನಾಲಾ ಎಂದೇ ಹೆಸರಿಟ್ಟಿದ್ದಾರೆ. ಇನ್ನು ನಿಮ್ಮ ಹಳ್ಳಕ್ಕೆ ಬಿದ್ದವನು ಒದ್ದೆಯಾಗಿ ಎದ್ದು ಬರುತ್ತಾನೆ. ಅಲ್ಲಿ ನೀರಿನ ತಾಪ ಸೊನ್ನೆ ಡಿಗ್ರಿಗೆ ಹತ್ತಿರವಿರುವುದರಿಂದ ಒದ್ದೆಯಾಗುವುದೇ ಒಂದು ಅವಘಡ. ಪ್ರತಿಯೊಬ್ಬರಿಗೂ ಒಂದು ಜೊತೆ ಒಣಬಟ್ಟೆ, ಟವೆಲ್, ಉಣ್ಣೆಯ ಕಾಲುಚೀಲ ಡಿಕ್ಕಿಯ ತಳದಲ್ಲಲ್ಲ, ಕೈಗೆ ಸಿಗುವಂತಿರಲಿ.

ಪ್ರಶ್ನೆ: ನಾಲಾದ ನಡುವೆ ಇಂಜಿನ್ ನಿಂತುಹೋದರೆ ಏನು ಮಾಡಬೇಕು? ಕೂಡಲೇ ಸೆಲ್ಫ್ ಹೊಡೆದು ಹೊರಗೆ ತರಬೇಕು ಎಂದು ಒಬ್ಬರು, ಮುಟ್ಟಲೇಬಾರದು ಎಂದು ಇನ್ನೊಬ್ಬರು ಹೇಳುತ್ತಾರೆ. ಹಾನಿಯಾದರೆ ವಿಮೆ ಸಿಗುತ್ತದೆಯೇ? — ಓದುಗರೊಬ್ಬರು, ಮೈಸೂರು

ಉತ್ತರ: ಏಕೆ ನಿಂತಿತು ಎಂಬುದರ ಮೇಲೆ ಉತ್ತರ ನಿಂತಿದೆ. ನೀರು ಆಕ್ಸಲ್ ಮಟ್ಟದಲ್ಲಿದ್ದು, ಕಲ್ಲಿಗೆ ಚಕ್ರ ಸಿಕ್ಕಿ ಇಂಜಿನ್ ಉಸಿರುಗಟ್ಟಿ ನಿಂತಿದ್ದರೆ, ಅದು ಕ್ಲಚ್ ತಪ್ಪಿ ನಿಂತದ್ದಷ್ಟೆ. ಮತ್ತೆ ಸ್ಟಾರ್ಟ್ ಮಾಡಬಹುದು. ನೀರು ಬಾನೆಟ್‌ನ ಮುಂಭಾಗಕ್ಕೆ ಹೊಡೆದ ಮೇಲೆ ಇಂಜಿನ್ ಎಳೆದೆಳೆದು ಅಥವಾ ಥಟ್ಟನೆ ನಿಂತಿದ್ದರೆ ಕೀಲಿಯನ್ನು ಮುಟ್ಟಬೇಡಿ.

ಕಾರಣ ಸರಳ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಎರಡು ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್‌ನ ಒಂದೊಂದು ಸಿಲಿಂಡರ್ 500 ಸಿ.ಸಿ. ಅದರ ಕಂಪ್ರೆಷನ್ ಅನುಪಾತ 16ಕ್ಕೆ 1 ಎಂದಾದರೆ, ಪಿಸ್ಟನ್ ಮೇಲ್ತುದಿ ತಲುಪಿದಾಗ ಮೇಲೆ ಉಳಿಯುವ ಜಾಗ ಸುಮಾರು 33 ಮಿ.ಲೀ. ಮಾತ್ರ, ಅಂದರೆ ಎರಡು ದೊಡ್ಡ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕಿದ್ದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿದು ಬ್ಲಾಕನ್ನೇ ಒಡೆಯುತ್ತದೆ. ಇದನ್ನೇ ಹೈಡ್ರೋಲಾಕ್ ಎನ್ನುವುದು. ಪೆಟ್ರೋಲ್ ಇಂಜಿನ್‌ನಲ್ಲಿ ಆ ಜಾಗ ತುಸು ಹೆಚ್ಚಿರುತ್ತದೆ, ಫಲಿತಾಂಶ ಮಾತ್ರ ಅದೇ. ಇಂಜಿನ್ ತಾನಾಗಿ ನಿಂತಾಗ ಹಾನಿ ಆಗಿರದೆ, ಅನಂತರ ಸೆಲ್ಫ್ ಹೊಡೆದದ್ದರಿಂದಲೇ ರಾಡ್ ಬಾಗಿದ ಪ್ರಕರಣಗಳು ಗ್ಯಾರೇಜುಗಳಲ್ಲಿ ಸಾಕಷ್ಟು ಸಿಗುತ್ತವೆ.

ಮೊದಲು ಜನ, ಆಮೇಲೆ ಗಾಡಿ. ನೀರು ಏರುವ ಹೊತ್ತಾಗಿದ್ದರೆ ಎಲ್ಲರೂ ಹರಿವಿನ ಮೇಲ್ಬದಿಗೆ, ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಬನ್ನಿ. ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು, ಅದು ಸರಿದರೆ ಅವರ ಮೇಲೆಯೇ ಬರುತ್ತದೆ. ಎಳೆಯುವ ಹಗ್ಗವನ್ನು ಗಾಡಿಯ ಕೊಂಡಿಗೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಬಾನೆಟ್ ಮೇಲೋ ಕಿಟಕಿಯ ಬಳಿಯೋ ಇಟ್ಟುಕೊಂಡೇ ನೀರಿಗಿಳಿಯುವುದು ಜಾಣತನ. ಸಿಕ್ಕಿಬಿದ್ದ ಮೇಲೆ ಐಸಿನಂಥ ನೀರಿನಡಿ ಕೈಯಾಡಿಸಿ ಕೊಂಡಿ ಹುಡುಕುವ ಕಷ್ಟ ತಪ್ಪುತ್ತದೆ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ಇರಬಾರದು. ಹಗ್ಗವನ್ನು ಬಂಪರಿಗೆ ಕಟ್ಟಬಾರದು, ಟ್ರೇಲರ್ ಎಳೆಯುವ ಗುಂಡಿಗಂತೂ ಕಟ್ಟಲೇಬಾರದು; ಅದು ಕಿತ್ತು ಬಂದರೆ ಗುಂಡೇಟಿನಂತೆ ಹಾರುತ್ತದೆ.

ದಡ ಸೇರಿದ ಮೇಲೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಫಿಲ್ಟರ್ ಒಣಗಿದ್ದರೆ ನೀವು ಪಾರಾದಂತೆ. ಒದ್ದೆಯಾಗಿದ್ದರೆ ಪೆಟ್ರೋಲ್ ಇಂಜಿನ್ ಆದಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನು, ಡೀಸೆಲ್ ಆದಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರ್ ತೆರೆದ ಸ್ಥಿತಿಯಲ್ಲಿ ಇಂಜಿನ್ ತಿರುಗಿಸಿ ನೀರನ್ನು ಹೊರಗೆ ಚಿಮ್ಮಿಸಬೇಕು. ಇದು ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಆಗಲಿ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಹಿಂದೆ ಬರುವ ಗಾಡಿಯವರ ಕೈಯಲ್ಲಿ ಬಾತಲ್ ಅಥವಾ ಕೋಕ್ಸರ್‌ಗೆ ಸುದ್ದಿ ಕಳಿಸುವುದೇ ಅಲ್ಲಿನ ರೂಢಿ.

ವಿಮೆಯ ವಿಷಯ. ಸಾಮಾನ್ಯ ಸಮಗ್ರ ಪಾಲಿಸಿ ಅಪಘಾತದ ಹಾನಿಯನ್ನು ತುಂಬುತ್ತದೆಯೇ ಹೊರತು ಅದರಿಂದ ಮುಂದೆ ಉಂಟಾಗುವ ಪರಿಣಾಮದ ಹಾನಿಯನ್ನಲ್ಲ. ನೀರು ಹೊಕ್ಕು ಕೆಟ್ಟ ಇಂಜಿನ್‌ನ ಕ್ಲೇಮನ್ನು ವಿಮಾ ಕಂಪನಿಗಳು ಈ ವಾಕ್ಯ ತೋರಿಸಿಯೇ ನಿರಾಕರಿಸುತ್ತವೆ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಪಡೆದಿದ್ದರೆ ದಾರಿ ಇದೆ. ಅದರಲ್ಲೂ ನೀರು ಹೊಕ್ಕ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ಹಾನಿ ಹೆಚ್ಚಿಸಿದ್ದು ಕಂಡುಬಂದರೆ ತಕರಾರು ಖಚಿತ. ಹೊರಡುವ ಮುನ್ನ ಪಾಲಿಸಿಯ ಸಣ್ಣಕ್ಷರಗಳನ್ನು ಓದಿ, ಸಂಶಯವಿದ್ದರೆ ಇಮೇಲ್‌ನಲ್ಲಿ ಕೇಳಿ ಲಿಖಿತ ಉತ್ತರ ಪಡೆದುಕೊಳ್ಳಿ.

ಪ್ರಶ್ನೆ: ಟೈರ್‌ನ ಗಾಳಿ ಎಷ್ಟು ಇಳಿಸಬೇಕು? — ಓದುಗರೊಬ್ಬರು, ತುಮಕೂರು

ಉತ್ತರ: ಮರಳಿಗೆ ಇಳಿಸುವಷ್ಟು ಇಲ್ಲಿ ಬೇಡ. ಮಾಮೂಲು 32 ಪಿ.ಎಸ್.ಐ. ಇದ್ದರೆ 25–26ಕ್ಕೆ ಇಳಿಸಿ. ಟೈರ್ ಕಲ್ಲಿನ ಆಕಾರಕ್ಕೆ ಒಗ್ಗಿ ಹಿಡಿತ ಹೆಚ್ಚುತ್ತದೆ, ಕುಲುಕಾಟ ತಗ್ಗುತ್ತದೆ. ಇನ್ನೂ ಇಳಿಸಿದರೆ ಚೂಪುಗಲ್ಲುಗಳಿಗೆ ಟೈರ್‌ನ ಪಕ್ಕೆ ಸೀಳುತ್ತದೆ, ಅದಕ್ಕೆ ಪಂಕ್ಚರ್ ಕಿಟ್ ನಡೆಯುವುದಿಲ್ಲ. ಲೋಸರ್ ದಾಟಿ ಡಾಂಬರು ಸಿಕ್ಕ ಮೇಲೆ ಮತ್ತೆ ತುಂಬಲು 12 ವೋಲ್ಟ್‌ನ ಕಂಪ್ರೆಸರ್ ಜೊತೆಗಿರಲಿ. ಸ್ಟೆಪ್ನಿಯ ಗಾಳಿಯನ್ನು ಮನೆಯಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಚಂದ್ರಾ ನದಿಯೊಳಗೆ ಗಾಡಿ ಓಡಿಸುವ ವಿಡಿಯೊಗಳನ್ನು ನೋಡಿದ್ದೇನೆ. ಅದಕ್ಕೆ ಅನುಮತಿ ಇದೆಯೇ? — ಓದುಗರೊಬ್ಬರು, ಕಲಬುರಗಿ

ಉತ್ತರ: ಇಲ್ಲ. 2023ರ ಡಿಸೆಂಬರ್‌ನಲ್ಲಿ ರಸ್ತೆಯ ದಟ್ಟಣೆ ತಪ್ಪಿಸಲು ಎಸ್‌ಯುವಿಯೊಂದನ್ನು ಚಂದ್ರಾ ನದಿಗೇ ಇಳಿಸಿ ಓಡಿಸಿದ ಚಾಲಕನಿಗೆ, ವಿಡಿಯೊ ಹರಡಿದ ಬೆನ್ನಿಗೇ, ಲಾಹೌಲ್–ಸ್ಪಿತಿ ಪೊಲೀಸರು ಮೋಟಾರು ವಾಹನ ಕಾಯ್ದೆಯಡಿ ದಂಡ ಹಾಕಿದರು. ಡಿಸೆಂಬರ್‌ನಲ್ಲಿ ನದಿ ಸೊರಗಿರುತ್ತದೆ, ಆದ್ದರಿಂದ ಗಾಡಿ ದಾಟಿತು. ಜುಲೈನಲ್ಲಿ ಅದೇ ಜಾಗದಲ್ಲಿ ಅದೇ ಸಾಹಸ ಮಾಡಿದವನಿಗೆ ದಂಡ ಕಟ್ಟುವ ಅವಕಾಶವೂ ಸಿಗಲಿಕ್ಕಿಲ್ಲ. ರಸ್ತೆಗೆ ಅಡ್ಡ ಬಂದ ನೀರನ್ನು ದಾಟುವುದು ಒಂದು ಅನಿವಾರ್ಯ. ಹರಿಯುವ ನದಿಯಲ್ಲಿ ಗಾಡಿ ಆಡಿಸುವುದು ಮೀನಿನ ಮರಿಗಳಿಗೂ, ಕೆಳಗಿನ ಊರಿನವರ ಕುಡಿಯುವ ನೀರಿಗೂ ಮಾಡುವ ಅನ್ಯಾಯ.

ಪ್ರಶ್ನೆ: ಅಷ್ಟು ದೂರ ಹೋಗುವ ಮುನ್ನ ಕರ್ನಾಟಕದಲ್ಲೇ ಅಭ್ಯಾಸ ಮಾಡುವುದು ಹೇಗೆ? ಹಿಂತಿರುಗಿದ ಮೇಲೆ ಗಾಡಿಗೆ ಏನು ಮಾಡಿಸಬೇಕು? — ಓದುಗರೊಬ್ಬರು, ಹಾಸನ

ಉತ್ತರ: ಕಾಡಿನ ಹಳ್ಳಗಳಿಗೆ ಮಾತ್ರ ಇಳಿಯಬೇಡಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮೀಸಲು ಅರಣ್ಯದಲ್ಲೋ ಅಭಯಾರಣ್ಯದಲ್ಲೋ ಗಾಡಿ ನುಗ್ಗಿಸುವುದು ಅಪರಾಧ. ಪರಿಚಯದವರ ತೋಟ ಅಥವಾ ಎಸ್ಟೇಟಿನೊಳಗಿನ ದಾರಿ, ಇಲ್ಲವೇ ತರಬೇತಿಗೆಂದೇ ಇರುವ ಖಾಸಗಿ ಆಫ್‌ರೋಡ್ ಅಂಗಳ ಸಾಕು. ನೀರಿಗಿಂತ ಮೊದಲು ಕಲ್ಲಿನ ಏರಿನಲ್ಲಿ ಲೋ ರೇಂಜ್ ಹಾಕಿ, ಕ್ಲಚ್ ಮುಟ್ಟದೆ, ನಡಿಗೆಯ ವೇಗದಲ್ಲಿ ಹತ್ತಿಳಿಯುವುದನ್ನು ಕಲಿಯಿರಿ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಅಥವಾ ಕೊಡಗಿನ ಮಾಂದಲಪಟ್ಟಿಗೆ ಬಾಡಿಗೆ ಜೀಪಿನಲ್ಲಿ ಒಮ್ಮೆ ಹೋಗಿ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಅವರ ಕಾಲುಗಳನ್ನು ಗಮನಿಸಿ. ಯಾವ ತರಬೇತಿಗೂ ಅದು ಕಡಿಮೆಯಲ್ಲ.

ಹಿಂತಿರುಗಿದ ಮೇಲೆ, ಸಾಧ್ಯವಾದರೆ ಮನಾಲಿಯಲ್ಲೇ, ಡಿಫರೆನ್ಷಿಯಲ್, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್‌ನ ಆಯಿಲನ್ನು ಪರೀಕ್ಷಿಸಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ಬೆಂಗಳೂರಿನವರೆಗಿನ ಎರಡೂವರೆ ಸಾವಿರಕ್ಕೂ ಹೆಚ್ಚು ಕಿ.ಮೀ. ಅದರಲ್ಲೇ ಓಡಿಸಿದರೆ ಬೇರಿಂಗ್‌ಗಳು ಉಳಿಯುವುದಿಲ್ಲ, ಅಲ್ಲೇ ಬದಲಿಸಿ. ಬ್ರೇಕ್ ಪ್ಯಾಡ್‌ಗಳ ಸಂದಿನ ಮರಳು, ವೀಲ್ ಬೇರಿಂಗ್‌ನ ಸದ್ದು, ರೇಡಿಯೇಟರ್ ಜಾಲರಿಗೆ ಮೆತ್ತಿದ ಕೆಸರು, ಕಾರ್ಪೆಟ್‌ನ ಅಡಿಯ ತೇವ, ಇಷ್ಟನ್ನೂ ನೋಡಿಸಿ. ಕಾರ್ಪೆಟ್ ಒಣಗಿದಂತೆ ಕಂಡರೂ ಅದರ ಕೆಳಗಿನ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡು ವೈರಿಂಗ್ ಕನೆಕ್ಟರ್‌ಗಳಿಗೆ ತುಕ್ಕು ಹಿಡಿಸುತ್ತದೆ, ಆದ್ದರಿಂದ ಸೀಟು ಬಿಚ್ಚಿಸಿ ಒಣಗಿಸಿ.